ಡಿ-ಡೈಮರ್ ಬರೆಯುವ ಮೊದಲು ಕಾಲು ನೋಡಿ

ಊರಿನ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬಂದು ಮುಂಬಯಿಯ ಸಯನ್‌ನಲ್ಲಿ ಇಳಿದವರಿಗೆ ಏದುಸಿರು, ಎದೆನೋವು. ಕ್ಯಾಜುವಾಲ್ಟಿಯಲ್ಲಿ ಇಸಿಜಿ, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂಬ ರಕ್ತಪರೀಕ್ಷೆ) ಜೊತೆಗೆ ಡಿ-ಡೈಮರ್ (ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಚೂರುಗಳ ಪರೀಕ್ಷೆ) ಕೂಡ ಬರೆದುಬಿಡುವ ಅವಸರ ನಮ್ಮಲ್ಲಿದೆ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವ ಎಷ್ಟೆಂದು ಮೊದಲು ಅಳೆಯಬೇಕು. ಡಿ-ಡೈಮರ್ ಇರುವುದು ಹೆಪ್ಪು ಇಲ್ಲವೆಂದು ಹೇಳುವುದಕ್ಕೆ. ನ್ಯುಮೋನಿಯಾ, ಡೆಂಗಿ, ಬಸಿರು, ಕ್ಯಾನ್ಸರ್, ಬರೀ ವಯಸ್ಸು ಕೂಡ ಅದನ್ನು ಏರಿಸುತ್ತವೆ.

ಅಳೆಯಲು ವೆಲ್ಸ್ ಅಂಕ ಸಾಕು. ಶ್ವಾಸಕೋಶದ ಹೆಪ್ಪು ಹೆಚ್ಚಾಗಿ ಕಾಲಿನಿಂದಲೇ ಬರುವುದರಿಂದ, ಲುಂಗಿ ಮೇಲೆತ್ತಿ ಎರಡೂ ಮೀನಖಂಡ ನೋಡಿ: ಒಂದೇ ಕಾಲು ಊದಿ, ಒತ್ತಿದರೆ ನೋವಿದ್ದರೆ 3. ಬೇರೆ ಕಾಯಿಲೆಗಿಂತ ಹೆಪ್ಪೇ ಹೆಚ್ಚು ಸಂಭವ ಅನ್ನಿಸಿದರೆ 3. ನಾಡಿ 100 ಮೀರಿದರೆ 1.5, 4 ವಾರದೊಳಗೆ ಆಪರೇಷನ್ ಅಥವಾ 3 ದಿನ ಹಾಸಿಗೆ ಹಿಡಿದಿದ್ದರೆ 1.5, ಹಿಂದೊಮ್ಮೆ ಹೆಪ್ಪುಗಟ್ಟಿದ್ದರೆ 1.5. ಕೆಮ್ಮಿದಾಗ ರಕ್ತಕ್ಕೆ 1, ಕ್ಯಾನ್ಸರಿಗೆ 1. ಬಸ್ ಪ್ರಯಾಣಕ್ಕೆ ಅಂಕವೇ ಇಲ್ಲ. ಮೊತ್ತ 4 ದಾಟಿದರೆ ಡಿ-ಡೈಮರ್ ಬೇಡ, ನೇರ ಸಿಟಿ ಆಂಜಿಯೋಗ್ರಾಮ್ (ಶ್ವಾಸಕೋಶದ ರಕ್ತನಾಳಗಳ ಸ್ಕ್ಯಾನ್). ರಕ್ತಸ್ರಾವದ ಭಯವಿಲ್ಲದಿದ್ದರೆ, ಕಿಡ್ನಿ ಸರಿಯಿದ್ದರೆ, ಸಿಟಿಗೆ ಕಾಯುವಾಗಲೇ ಕಿಲೋ ತೂಕಕ್ಕೆ 1 ಮಿಗ್ರಾಂನಂತೆ ಎನಾಕ್ಸಪರಿನ್ (ಹೆಪ್ಪು ಬೆಳೆಯದಂತೆ ತಡೆಯುವ ಇಂಜೆಕ್ಷನ್) ಕೊಡಬೇಕು.

4 ಅಥವಾ ಕಡಿಮೆಯಿದ್ದರೆ ಡಿ-ಡೈಮರ್. ಎಡವುವುದು ಇಲ್ಲೇ. ಲ್ಯಾಬುಗಳು ಎರಡು ಮಾನದಲ್ಲಿ ವರದಿ ಕೊಡುತ್ತವೆ: ಎಫ್‌ಇಯು (ಫೈಬ್ರಿನೋಜನ್ ಲೆಕ್ಕದ ಮಾನ), ಡಿಡಿಯು (ಡಿ-ಡೈಮರಿನದೇ ಲೆಕ್ಕದ ಮಾನ). ಮಿಲಿಲೀಟರಿಗೆ 500 ನ್ಯಾನೋಗ್ರಾಂ ಎಂಬ ಗಡಿ ಎಫ್‌ಇಯುಗೆ. ಡಿಡಿಯುನಲ್ಲಿ ಅದು ಸುಮಾರು 250. 450 ಎಂಬ ವರದಿ ಮೊದಲನೆಯದರಲ್ಲಿ ನೆಮ್ಮದಿ, ಎರಡನೆಯದರಲ್ಲಿ ಎಚ್ಚರಿಕೆ. ಅಂಕಿ ನೋಡಿ ನಿಲ್ಲಬೇಡಿ, ಪಕ್ಕದ ಮಾನವನ್ನೂ ಓದಿ. 50 ದಾಟಿದವರಿಗೆ ಎಫ್‌ಇಯು ಗಡಿ ವಯಸ್ಸಿನ 10 ಪಟ್ಟು: 72ರ ಅಜ್ಜಿಗೆ 720.

ಸಿಟಿ ಕೆಡುವುದೂ ಸಣ್ಣ ಕಾರಣಕ್ಕೆ. ಅಂಗೈ ಹಿಂಬದಿಯ ಸಣ್ಣ ಸೂಜಿಯಲ್ಲಿ ಕಾಂಟ್ರಾಸ್ಟ್ (ರಕ್ತನಾಳ ಚಿತ್ರದಲ್ಲಿ ಕಾಣಲೆಂದು ಕೊಡುವ ದ್ರವ) ಬೇಕಾದ ವೇಗದಲ್ಲಿ ಓಡದು. ಮೊಣಕೈ ಮಡಿಕೆಯಲ್ಲಿ 18 ಅಥವಾ 20 ಗೇಜ್‌ನ ದಪ್ಪ ಸೂಜಿ ಹಾಕಿ. ರೋಗಿ ಗಟ್ಟಿಯಾಗಿ ಉಸಿರೆಳೆದರೆ ಹೊಟ್ಟೆಯ ಕಡೆಯಿಂದ ಕಾಂಟ್ರಾಸ್ಟ್ ಇಲ್ಲದ ರಕ್ತ ನುಗ್ಗಿ ಚಿತ್ರ ತೆಳುವಾಗುತ್ತದೆ. ಮರಾಠಿ, ಹಿಂದಿ ಬಾರದ ಅಜ್ಜಿಗೆ ಮೇಜು ಹತ್ತುವ ಮೊದಲೇ ಕನ್ನಡದಲ್ಲಿ ಅಭ್ಯಾಸ ಮಾಡಿಸಿ: “ಜೋರಾಗಿ ಎಳ್ಕೋಬೇಡಿ ಅಜ್ಜಿ, ಇದ್ದ ಹಾಗೇ ಉಸಿರು ಹಿಡೀರಿ.”

ಬಸುರಿಯ ಕಾಲು ಊದಿದ್ದರೆ ಮೊದಲು ಕಾಲಿನ ಡಾಪ್ಲರ್ (ರಕ್ತನಾಳದ ಅಲ್ಟ್ರಾಸೌಂಡ್). ಅಲ್ಲೇ ಹೆಪ್ಪು ಸಿಕ್ಕರೆ ಚಿಕಿತ್ಸೆಗೆ ಅಷ್ಟು ಸಾಕು.

ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿದು ಏರದಿದ್ದರೆ ಈ ಲೆಕ್ಕಗಳಾವುವೂ ಬೇಡ, ಸಿಟಿ ಕೋಣೆಗೆ ಸಾಗಿಸುವುದೂ ಅಪಾಯ. ಹಾಸಿಗೆ ಬಳಿಯೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ. ಹೃದಯದ ಬಲ ಕೆಳಕೋಣೆ ಹಿಗ್ಗಿದ್ದು, ಬೇರೆ ಕಾರಣ ಕಾಣದಿದ್ದರೆ, ಹೆಪ್ಪು ಕರಗಿಸುವ ಔಷಧದ ನಿರ್ಧಾರವನ್ನು ಅಲ್ಲೇ, ಆಗಲೇ ತೆಗೆದುಕೊಳ್ಳಬೇಕು.