ಜಿಮ್‌ಗೆ ಹೋಗುವವರಿಗೆ ಅಮೈನೋ ಪುಡಿ ಬೇಕೇ?

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೇಲಿ ಜಿಮ್‌ಗೆ ಹೋಗ್ತೀನಿ. ಬಿಸಿಎಎ ಅನ್ನೋ ಅಮೈನೋ ಪುಡಿ ಕುಡಿದ್ರೆ ಮಸಲ್ ಕರಗಲ್ಲ, ಬರೀ ಕೊಬ್ಬು ಕರಗುತ್ತೆ ಅಂತ ಟ್ರೈನರ್ ಹೇಳ್ತಾರೆ. ತಗೋಬಹುದಾ?

ಉತ್ತರ: ಬೇಕಿಲ್ಲ. ಹೀಗೆ ಒಂದೇ ಮಾತಿನಲ್ಲಿ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಇನ್ನೊಬ್ಬರು ಬಂದು ಅದನ್ನೇ ಕೇಳುತ್ತಾರೆ, ಡಬ್ಬದ ಬಣ್ಣ ಮಾತ್ರ ಬೇರೆ ಇರುತ್ತದೆ. ಬೇಡ ಅಂದರೆ ಸಾಲದು, ಯಾಕೆ ಬೇಡ ಅನ್ನುವುದನ್ನು ಬುಡದಿಂದ ಹೇಳಬೇಕು ಅನ್ನಿಸಿದೆ. ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ಹಿಂದೆ ಅಚ್ಚುಕೂಟಗಳಲ್ಲಿ ಸೀಸದ ಮೊಳೆಗಳನ್ನು, ಅಂದರೆ ಅಕ್ಷರದ ಅಚ್ಚುಗಳನ್ನು, ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಿದ್ದರು. ಮುದ್ರಣ ಮುಗಿದ ಮೇಲೆ ಪುಟ ಬಿಚ್ಚಿ, ಅವೇ ಮೊಳೆಗಳಿಂದ ಇನ್ನೊಂದು ಪುಟ ಕಟ್ಟುತ್ತಿದ್ದರು. ನಮ್ಮ ಸ್ನಾಯುವಿನಲ್ಲೂ ದಿನವಿಡೀ ನಡೆಯುವುದು ಇದೇ ಕೆಲಸ. ಹಳೆಯ ಪ್ರೋಟೀನ್ ಬಿಚ್ಚಿಕೊಳ್ಳುತ್ತಿರುತ್ತದೆ, ಹೊಸದು ಕಟ್ಟಿಕೊಳ್ಳುತ್ತಿರುತ್ತದೆ. ಇದಕ್ಕೆ ಬೇಕಾದ ಮೊಳೆಗಳೇ ಅಮೈನೋ ಆಮ್ಲಗಳು. ಒಟ್ಟು 20 ಬಗೆ. ಅವುಗಳಲ್ಲಿ 11ನ್ನು ದೇಹವೇ ಎರಕ ಹೊಯ್ದುಕೊಳ್ಳುತ್ತದೆ. ಉಳಿದ 9 ಊಟದಿಂದಲೇ ಬರಬೇಕು. ಬಿಸಿಎಎ ಡಬ್ಬದಲ್ಲಿರುವುದು ಆ ಒಂಬತ್ತರಲ್ಲಿ ಮೂರು ಮಾತ್ರ: ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್. ಡಬ್ಬದ ಮೇಲೆ 2:1:1 ಎಂದು ಬರೆದಿರುವುದು ಈ ಮೂರರ ಪ್ರಮಾಣ.

ಈಗ ಹೇಳಿ, ಒಂಬತ್ತು ಬಗೆಯ ಮೊಳೆ ಬೇಕಾದ ಕಡೆ ಮೂರೇ ಬಗೆಯನ್ನು ಚೀಲಗಟ್ಟಲೆ ತಂದು ಸುರಿದರೆ ಹೊಸ ಪುಟ ಕಟ್ಟುವುದು ಹೇಗೆ? ಉಳಿದ ಆರು ಬಗೆಯನ್ನು ಎಲ್ಲಿಂದ ತರುತ್ತೀರಿ? ಖಾಲಿ ಹೊಟ್ಟೆಯಲ್ಲಿ ಅವು ಸಿಗುವ ಜಾಗ ಒಂದೇ, ಈಗಾಗಲೇ ಕಟ್ಟಿಟ್ಟಿರುವ ಹಳೆಯ ಪುಟ. ಅಂದರೆ ನಿಮ್ಮದೇ ಸ್ನಾಯು. ಯಾವುದನ್ನು ಉಳಿಸಿಕೊಳ್ಳಲು ಪುಡಿ ಕುಡಿದಿರೋ ಅದನ್ನೇ ಬಿಚ್ಚಿ ಉಳಿದ ಮೊಳೆ ಹೊಂದಿಸಿಕೊಳ್ಳಬೇಕು. ಹಳೆಯದನ್ನು ಬಿಚ್ಚಿದಷ್ಟೇ ಹೊಸದನ್ನು ಕಟ್ಟಬಹುದು, ಅದಕ್ಕಿಂತ ಹೆಚ್ಚು ಕಟ್ಟಲಾಗದು. ಇಷ್ಟು ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭ.

ಅಮೆರಿಕದ ವಿಜ್ಞಾನಿ ರಾಬರ್ಟ್ ವುಲ್ಫ್ 2017ರಲ್ಲಿ ಈ ವಿಷಯದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಬಿಸಿಎಎಯನ್ನು ಮಾತ್ರ ಮನುಷ್ಯರ ರಕ್ತನಾಳಕ್ಕೆ ನೇರವಾಗಿ ಹರಿಸಿ ಅಳೆದ ಪ್ರಯೋಗಗಳಲ್ಲಿ ಸ್ನಾಯು ಬಿಚ್ಚಿಕೊಳ್ಳುವುದು ಕಡಿಮೆಯಾಗಿತ್ತು, ನಿಜ. ಆದರೆ ಹೊಸ ಸ್ನಾಯು ಕಟ್ಟುವ ವೇಗವೂ ಅದರ ಜೊತೆಗೇ ಇಳಿದಿತ್ತು. ಬಿಸಿಎಎ ಒಂದರಿಂದಲೇ ಸ್ನಾಯು ಬೆಳೆಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ ಎಂದೇ ಅವರು ಬರೆದರು.

ಇಲ್ಲಿಗೆ ಬಂದಾಗ ಯಾರಾದರೂ ಫೋನ್ ತೆಗೆದು ಇನ್ನೊಂದು ಅಧ್ಯಯನ ತೋರಿಸುತ್ತಾರೆ. ಅದೂ 2017ರದೇ. ತೂಕ ಎತ್ತಿದ ಮೇಲೆ 5.6 ಗ್ರಾಂ ಬಿಸಿಎಎ ಕುಡಿದವರಲ್ಲಿ ಸ್ನಾಯು ಕಟ್ಟುವ ವೇಗ 22% ಹೆಚ್ಚಿತ್ತು ಎಂದು ಅದರಲ್ಲಿದೆ. ಅದು ಸುಳ್ಳಲ್ಲ. ಆದರೆ ಅದೇ ಅಧ್ಯಯನದವರು ಮುಂದಿನ ಮಾತನ್ನೂ ಬರೆದಿದ್ದಾರೆ: ಅಷ್ಟೇ ಬಿಸಿಎಎ ಇರುವ, ಹಾಲಿನಿಂದ ತೆಗೆದ ವೇ ಪ್ರೋಟೀನ್ ಕುಡಿದಾಗ ಸಿಗುವ ಫಲಕ್ಕೆ ಹೋಲಿಸಿದರೆ ಇದು ಸುಮಾರು ಅರ್ಧ. ಲ್ಯೂಸಿನ್‌ಗೆ ಒಂದು ವಿಶೇಷ ಗುಣವಿದೆ, ‘ಕೆಲಸ ಶುರು ಮಾಡಿ’ ಎಂದು ಸ್ನಾಯುವಿಗೆ ಅದು ಸೂಚನೆ ಕೊಡುತ್ತದೆ. ಸೂಚನೆ ಸಿಕ್ಕ ಕೂಡಲೇ ಕೆಲಸ ಶುರುವಾಗುತ್ತದೆ, ಮೊಳೆ ಸಾಲದೆ ಅರ್ಧಕ್ಕೇ ನಿಲ್ಲುತ್ತದೆ.

‘ಬಿಸಿಎಎ ಸೀದಾ ಸ್ನಾಯುವಿಗೇ ಹೋಗುತ್ತೆ’ ಎನ್ನುವ ಮಾತಿಗೂ ಒಂದು ಮೂಲವಿದೆ. ಬೇರೆ ಅಮೈನೋ ಆಮ್ಲಗಳನ್ನು ಹೆಚ್ಚಾಗಿ ಲಿವರ್ ಒಡೆಯುತ್ತದೆ. ಈ ಮೂರು ಮಾತ್ರ ಲಿವರನ್ನು ಬಹುಪಾಲು ದಾಟಿ ಸ್ನಾಯುವಿನಲ್ಲಿ ಒಡೆಯುತ್ತವೆ. ಒಡೆಯುತ್ತವೆ ಅಂದೆ, ಕಟ್ಟುತ್ತವೆ ಅನ್ನಲಿಲ್ಲ. ಸ್ನಾಯುವಿಗೆ ಹೋಗಿ ಇಂಧನವಾಗಿ ಉರಿದರೂ ‘ಸ್ನಾಯುವಿಗೆ ಹೋಯಿತು’ ಅಂತಲೇ ಹೇಳಬಹುದಲ್ಲ! ಮಾರುವವರು ಆ ಅರ್ಧ ವಾಕ್ಯವನ್ನು ಡಬ್ಬದ ಮೇಲೆ ಹಾಕಿದರು, ಉಳಿದರ್ಧವನ್ನು ನಾನು ಪ್ರತಿ ಸಲವೂ ಕೂತು ಹೇಳಬೇಕಾಗಿದೆ.

ಇನ್ನು ಕೊಬ್ಬು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಹತ್ತಿರ ಹತ್ತಿರ 7,700 ಕಿಲೋಕ್ಯಾಲರಿ ಇರುತ್ತದೆ. ದಿನಕ್ಕೆ 500ರಷ್ಟು ಕಡಿಮೆ ತಿಂದರೆ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯಬಹುದು. ಈ ಲೆಕ್ಕದಲ್ಲಿ ಬಿಸಿಎಎ ಎಲ್ಲಿಯೂ ಸಹಾಯಕ್ಕೆ ಬರುವುದಿಲ್ಲ. ಹತ್ತು ಗ್ರಾಂ ಕುಡಿದರೆ 40 ಕಿಲೋಕ್ಯಾಲರಿ ಒಳಗೆ ಹೋಗುತ್ತದೆ, ಅಷ್ಟೇ. ಅದನ್ನು ಕುಡಿದರೆ ಉಪವಾಸ ಮುರಿಯುವುದಿಲ್ಲ ಅನ್ನುವುದೂ ಸರಿಯಲ್ಲ, ಲ್ಯೂಸಿನ್ ಇನ್ಸುಲಿನ್ ಅನ್ನೂ ಸ್ವಲ್ಪ ಎಬ್ಬಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ನಿಮಗೆ ಹಿಡಿಸಿದರೆ ಧಾರಾಳವಾಗಿ ಮಾಡಿ, ನೀರು ಕುಡಿದು ಹೋಗಿ, ಬಂದು ಒಳ್ಳೆಯ ತಿಂಡಿ ತಿನ್ನಿ. ಒಂದು ಗಂಟೆಯ ವ್ಯಾಯಾಮಕ್ಕೆ ಸ್ನಾಯು ಕರಗಿಹೋಗುವುದಿಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆ ಊಟ ಮಾಡಿ, ಪ್ರೋಟೀನ್ ಬಿಟ್ಟು, ತೂಕ ಎತ್ತದೆ ಬರೀ ಓಡುತ್ತಿದ್ದರೆ ಕರಗುತ್ತದೆ.

ಕೊಬ್ಬು ಕರಗಿಸುತ್ತದೆ ಎಂದು ಮಾರುವ ಕಾರ್ನಿಟಿನ್ ಬಗ್ಗೆಯೂ ಕೇಳುತ್ತೀರಿ ಎಂದು ಗೊತ್ತು. ಕೊಬ್ಬಿನ ಆಮ್ಲಗಳನ್ನು ಜೀವಕೋಶದೊಳಗೆ ಇಂಧನ ಉರಿಯುವ ಜಾಗವಾದ ಮೈಟೋಕಾಂಡ್ರಿಯಾಕ್ಕೆ ಹೊತ್ತೊಯ್ಯುವುದು ಅದರ ಕೆಲಸ. ಆದರೆ ಆರೋಗ್ಯವಂತರ ದೇಹದಲ್ಲಿ ಅದಕ್ಕೆ ಕೊರತೆಯೇ ಇಲ್ಲ, ಊಟದ ಅಮೈನೋ ಆಮ್ಲಗಳಾದ ಲೈಸಿನ್ ಮತ್ತು ಮೆಥಿಯೊನಿನ್‌ನಿಂದ ದೇಹವೇ ಮಾಡಿಕೊಳ್ಳುತ್ತದೆ. ನುಂಗಿದ ಮಾತ್ರೆಯಲ್ಲಿ ಐದನೇ ಒಂದು ಭಾಗವೂ ರಕ್ತಕ್ಕೆ ಸೇರುವುದಿಲ್ಲ. ಇನ್ನೊಂದು ಅಮೈನೋ ಆಮ್ಲವಾದ ಗ್ಲುಟಮಿನ್ ಬಹುಪಾಲು ಕರುಳಿನಲ್ಲೇ ಖರ್ಚಾಗುತ್ತದೆ. ಈ ಸಾಲಿನಲ್ಲಿ ನಿಜಕ್ಕೂ ಕೆಲಸ ಮಾಡುವುದು ಕ್ರಿಯಾಟಿನ್ ಒಂದೇ, ದಿನಕ್ಕೆ 3ರಿಂದ 5 ಗ್ರಾಂ. ಅದು ತೂಕ ಎತ್ತುವ ಶಕ್ತಿಗೆ, ಕೊಬ್ಬು ಕರಗಿಸಲು ಅಲ್ಲ.

ಊಟದಿಂದಲೇ ಬರಬೇಕಾದ ಒಂಬತ್ತೂ ಅಮೈನೋ ಆಮ್ಲಗಳಿರುವ ಇಎಎ ಪುಡಿ ಬಿಸಿಎಎಗಿಂತ ವಾಸಿ. ಹಸಿವೇ ಇಲ್ಲದ, ಹೆಚ್ಚು ತಿನ್ನಲಾಗದ ವಯಸ್ಸಾದವರಿಗೆ ವೈದ್ಯರ ಸಲಹೆಯ ಮೇಲೆ ಅದರಿಂದ ಪ್ರಯೋಜನವಾಗಬಹುದು. ಬಿಸಿಎಎಗೂ ಆಸ್ಪತ್ರೆಯಲ್ಲಿ ಒಂದು ಸ್ಥಾನವಿದೆ, ಲಿವರ್ ಗಾಯಗಟ್ಟಿ ಹಾಳಾಗುವ ಸಿರೋಸಿಸ್‌ನಿಂದ ಮಿದುಳಿಗೆ ಮಂಕು ಕವಿದವರಿಗೆ ಕೊಡುತ್ತಾರೆ. ನಿಮಗೆ ಕಿಡ್ನಿ ತೊಂದರೆಯಿದ್ದರೆ ಮಾತ್ರ ಇಂಥ ಯಾವ ಡಬ್ಬವನ್ನೂ ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಹಾಗಾದರೆ ಬೇಕಾದದ್ದೇನು? ಒಟ್ಟು ಪ್ರೋಟೀನ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಯಸ್ಕರಿಗೆ ಹೇಳುವುದು ಕಿಲೋ ತೂಕಕ್ಕೆ 0.83 ಗ್ರಾಂ. 70 ಕಿಲೋ ಇದ್ದರೆ 58 ಗ್ರಾಂ. ಕ್ರಮವಾಗಿ ತೂಕ ಎತ್ತುತ್ತ, ಕೊಬ್ಬು ಇಳಿಸುತ್ತ ಇರುವ ಆರೋಗ್ಯವಂತರು 1.2ರಿಂದ 1.6 ಗ್ರಾಂ ತನಕ ಹೋಗಬಹುದು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಚಪಾತಿ ಆಲೂಗಡ್ಡೆ ಪಲ್ಯ, ನಡುವೆ ಎರಡು ಕಾಫಿ ಎಂದು ದಿನ ಕಳೆದರೆ 58ಕ್ಕೇ ಮುಟ್ಟುವುದು ಕಷ್ಟ. ನಾನು ಕೇಳುವುದೇ ಇದನ್ನು: ಊಟದಲ್ಲಿ ಇಷ್ಟು ದೊಡ್ಡ ಹಳ್ಳ ಇಟ್ಟುಕೊಂಡು, ಹತ್ತು ಗ್ರಾಂ ಬಣ್ಣದ ಪುಡಿಯಿಂದ ಅದನ್ನು ಮುಚ್ಚಲು ಹೊರಟಿದ್ದೀರಲ್ಲ? ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, ಒಂಬತ್ತೂ ಮೊಳೆಗಳ ಸಮೇತ. ಸೋಯಾ ಚಂಕ್ಸ್ 50 ಗ್ರಾಂ ತೂಕ ಹಾಕಿದರೆ 25 ಗ್ರಾಂ ದಾಟುತ್ತದೆ. ಹಾಲು, ಮೊಸರು, ಕೋಳಿ, ಮೀನು ನಿಮಗೇ ಗೊತ್ತು.

ಇದನ್ನು ಓದಿ ಕೆಲವರು ‘ನಮ್ಮ ಮುದ್ದೆ ಊಟದಲ್ಲಿ ಇಲ್ಲದ್ದೇನಿದೆ’ ಎಂದು ಹೆಮ್ಮೆಪಡುವುದನ್ನೂ ಬಲ್ಲೆ. ಹೆಮ್ಮೆಗೆ ಕಾರಣವಿದೆ. ರಾಗಿಯಲ್ಲಿ ಲೈಸಿನ್ ಕಡಿಮೆ, ಮೆಥಿಯೊನಿನ್ ಚೆನ್ನಾಗಿದೆ. ಹುರುಳಿ, ಅವರೆ, ಅಲಸಂದೆಯಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಎರಡೂ ಇರಬೇಕೆಂದೂ ಇಲ್ಲ, ಅದೇ ದಿನ ತಿಂದರೆ ಸಾಕು. ಆದರೆ 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿರುವುದು 7 ಗ್ರಾಂ ಪ್ರೋಟೀನ್ ಮಾತ್ರ. ಉಳಿದದ್ದು ಕಾಳಿನಿಂದ ಬರಬೇಕು. ಬಸ್ಸಾರು ಮಾಡುವಾಗ ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಸಾರು ಮಾಡುತ್ತೇವೆ, ಬೆಂದ ಕಾಳನ್ನು ಸೊಪ್ಪಿನ ಜೊತೆ ಪಲ್ಯಕ್ಕೆ ಹಾಕುತ್ತೇವೆ. ಪ್ರೋಟೀನ್ ಬಹುಪಾಲು ಆ ಪಲ್ಯದಲ್ಲಿ ಉಳಿಯುತ್ತದೆ. ಜಿಮ್‌ನಿಂದ ಬಂದ ಹುಡುಗರು ಎರಡು ಮುದ್ದೆಯನ್ನು ಸಾರಿನಲ್ಲೇ ಅದ್ದಿ ನುಂಗಿ, ಪಲ್ಯವನ್ನು ತಟ್ಟೆಯ ಮೂಲೆಗೆ ಸರಿಸಿ ಏಳುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಒಣ ಕಾಳು 50 ಗ್ರಾಂ ಬೇಯಿಸಿದರೆ ಅದರಲ್ಲಿ 11 ಗ್ರಾಂನಷ್ಟು ಪ್ರೋಟೀನ್. ಒಂದು ಮುದ್ದೆ ಬಿಟ್ಟು, ಆ ಜಾಗಕ್ಕೆ ಅಷ್ಟೂ ಪಲ್ಯ ಬಡಿಸಿಕೊಳ್ಳಿ, ಕೊನೆಗೊಂದು ಬಟ್ಟಲು ಮೊಸರು ಹಾಕಿಕೊಳ್ಳಿ.