ಗಾಜಿನ ತಳದ ದೋಣಿಯಲ್ಲಿ ಕೂತರೆ ನಿಜಕ್ಕೂ ಮೀನು ಕಾಣುತ್ತವೆಯೇ?

ಪ್ರಶ್ನೆ: ಡಿಸೆಂಬರಿನಲ್ಲಿ ಫ್ಲೋರಿಡಾದ ಮಗಳ ಮನೆಗೆ ಹೊರಟಿದ್ದೇವೆ. ಸಿಲ್ವರ್ ಸ್ಪ್ರಿಂಗ್ಸ್‌ನ ಗಾಜಿನ ದೋಣಿಯಲ್ಲಿ ಹೋದರೆ ಏನಾದರೂ ಕಾಣುತ್ತದೆಯೇ, ಬರೀ ಕಲಕು ನೀರೇ?

ಉತ್ತರ: ಚೆನ್ನಾಗಿಯೇ ಕಾಣುತ್ತದೆ. ಒಕಾಲಾ ಊರಿನ ಪಕ್ಕದ ಈ ಬುಗ್ಗೆಗಳಿಗೆ ನೀರು ಬರುವುದು ಸುಣ್ಣಕಲ್ಲಿನ ಪದರಗಳೊಳಗಿನ ಅಂತರ್ಜಲದಿಂದ. ಹಾಗಾಗಿ ನಮ್ಮ ಹೊಳೆಗಳ ಹಾಗೆ ಒಂದು ಮಳೆಗೇ ಕೆಂಪಾಗುವುದಿಲ್ಲ. ಇಲ್ಲಿ 1870ರ ದಶಕದಿಂದಲೂ ಗಾಜಿನ ದೋಣಿ ಓಡುತ್ತಿರುವುದಕ್ಕೆ ಇದೇ ಕಾರಣ. ಅದೇ ರಾಜ್ಯದ ವಕುಲ್ಲಾ ಬುಗ್ಗೆಯಲ್ಲಿ ಕಾಡಿನೆಲೆಗಳ ಕಂದು ಬಣ್ಣ ನೀರಿಗೆ ಸೇರಿ ತಳವೇ ಕಾಣದಂತಾಗುವುದುಂಟು. ಅಲ್ಲಿಗೆ ಹೋಗುವುದಿದ್ದರೆ ಗಾಜಿನ ದೋಣಿ ಬಿಡುತ್ತಿದ್ದಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಹೊತ್ತು ಮುಖ್ಯ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ 11ರಿಂದ 1:30ರ ನಡುವಿನ ದೋಣಿ ಹಿಡಿಯಿರಿ. ಬೆಳಕು ತಳದವರೆಗೆ ಇಳಿಯುವುದು ಆಗಲೇ. ಸಾಮಾನ್ಯ ಸುತ್ತು ಸುಮಾರು ಅರ್ಧ ಗಂಟೆಯದು, ದೋಣಿ ವಿದ್ಯುತ್ತಿನದು, ಸದ್ದಿಲ್ಲ. ನಡುವಿನ ಗಾಜಿನ ಕಡೆಗೆ ಮುಖ ಮಾಡಿ ಕೂರುತ್ತೀರಿ. ಓರೆಯಾಗಿ ನೋಡಿದರೆ ಗಾಜಿನಲ್ಲಿ ಆಕಾಶವೇ ಕಾಣುತ್ತದೆ. ಮುಂದಕ್ಕೆ ಬಾಗಿ ನೇರ ಕೆಳಗೆ ನೋಡಿ. ಮೊಬೈಲಿನ ಫ್ಲ್ಯಾಶ್ ಆರಿಸಿ, ಲೆನ್ಸನ್ನು ಗಾಜಿಗೆ ಆದಷ್ಟು ಹತ್ತಿರ ಹಿಡಿಯಿರಿ. ಮಕ್ಕಳನ್ನು ಗಾಜಿನ ಮೇಲೆ ಒರಗಲು ಬಿಡಬೇಡಿ. ಬೇಸಿಗೆಯಲ್ಲಾದರೆ ಇನ್ನೊಂದು ತೊಂದರೆ: ನೀರು ವರ್ಷವಿಡೀ 22–23 ಡಿಗ್ರಿಯಲ್ಲೇ ಇರುವುದರಿಂದ ಸೆಕೆಯ ತೇವದ ಗಾಳಿ ತಗುಲಿ ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ.

ಮ್ಯಾಮತ್ ಸ್ಪ್ರಿಂಗ್ ಎಂಬ ದೊಡ್ಡ ಬುಗ್ಗೆಯ ಬಾಯಿ ಸುಮಾರು 10 ಮೀಟರ್ ಆಳದಲ್ಲಿದೆ. ನೀರಿನ ವಕ್ರೀಭವನದಿಂದ ಅದು ಏಳೂವರೆ ಮೀಟರಿನಷ್ಟೇ ಎನಿಸುತ್ತದೆ, ಮೀನುಗಳೂ ಹತ್ತಿರವೇ ಇದ್ದಂತೆ ತೋರುತ್ತವೆ. ಉದ್ದ ಮೂತಿಯ ಗಾರ್, ಲಾರ್ಜ್‌ಮೌತ್ ಬಾಸ್, ಬ್ಲೂಗಿಲ್, ಆಮೆಗಳು ಸುಲಭವಾಗಿ ಸಿಗುತ್ತವೆ. ಮ್ಯಾನಟೀ (ನೀರಲ್ಲೇ ಬದುಕುವ, ಹುಲ್ಲು ತಿನ್ನುವ ದೊಡ್ಡ ಸಸ್ತನಿ) ಸಿಕ್ಕರೆ ಅದೃಷ್ಟ. ಹೊರಗಿನ ನೀರು 20 ಡಿಗ್ರಿಗಿಂತ ತಣ್ಣಗಾದಾಗ ಅವು ಬುಗ್ಗೆಗಳ ಬಿಸುಪನ್ನು ಹುಡುಕಿ ಬರುತ್ತವೆ, ಅಂದರೆ ಚಳಿಗಾಲ ನಿಮಗೆ ಅನುಕೂಲ. ಆದರೆ ಈ ಬುಗ್ಗೆಗಳ ನೀರು ಹರಿದು ಸೇರುವ ಓಕ್ಲವಾಹಾ ನದಿಗೆ 1968ರಲ್ಲಿ ಕಟ್ಟಿದ ಅಣೆಕಟ್ಟು ಅವುಗಳ ದಾರಿಗೂ ವಲಸೆ ಮೀನುಗಳ ದಾರಿಗೂ ಅಡ್ಡ ಬಂದಿದೆ. ಹಿಂದೆ ಇಲ್ಲಿ ತುಂಬಿರುತ್ತಿದ್ದ ಮೀನಿನ ಹಿಂಡುಗಳು ಈಗಿಲ್ಲದಿರುವುದು ನಮಗೆ ನಿಜವಾಗಿಯೂ ನೋವಿನ ವಿಷಯ.

ತಳದ ಹುಲ್ಲಿನ ಮೇಲೆ ಕಂದು ಪಾಚಿಯ ಹೊದಿಕೆ ಕಂಡರೆ ಅದು ಗಾಜಿನ ಕೊಳೆಯಲ್ಲ. ಗೊಬ್ಬರ ಮತ್ತು ಕೊಳಚೆಯಿಂದ ಅಂತರ್ಜಲಕ್ಕಿಳಿದ ನೈಟ್ರೇಟ್ ಅದನ್ನು ಬೆಳೆಸುತ್ತಿದೆ. ಫ್ಲೋರಿಡಾ ಬುಗ್ಗೆಗಳಿಗೆ ಹಾಕಿರುವ ಮಿತಿ ಲೀಟರಿಗೆ 0.35 ಮಿಲಿಗ್ರಾಂ, ಇಲ್ಲಿ ಅದು ಮೀರಿದೆ.

ಆಗಾಗ ತಲೆಯೆತ್ತಿ ದಡವನ್ನೂ ನೋಡಿ. ಬಿಸಿಲು ಕಾಯುವ ಅಲಿಗೇಟರ್, ರೆಕ್ಕೆ ಬಿಚ್ಚಿ ಒಣಗಿಸುವ ಆನ್‌ಹಿಂಗಾ (ರಂಗನತಿಟ್ಟಿನ ಹಾವಕ್ಕಿಯ ಹತ್ತಿರದ ನೆಂಟ) ಅಲ್ಲೇ ಇರುತ್ತವೆ. ಕೆಂಪು ಮೂತಿಯ ರೀಸಸ್ ಕೋತಿಗಳೂ ಕಂಡಾವು. 1930ರ ದಶಕದಲ್ಲಿ ದೋಣಿ ಸವಾರಿ ನಡೆಸುತ್ತಿದ್ದವರೊಬ್ಬರು ಪ್ರವಾಸಿಗರನ್ನು ಸೆಳೆಯಲೆಂದು ತಂದು ಬಿಟ್ಟವು ಅವು. ಈಜಿ ಕಾಡಿಗೆ ಹರಡಿದವು. ಅವುಗಳಲ್ಲಿ ಮನುಷ್ಯರಿಗೆ ಅಪಾಯಕಾರಿಯಾದ ಹರ್ಪಿಸ್ ಬಿ ವೈರಸ್ ಇದೆ. ಕಡ್ಲೆಕಾಯಿ ಕೊಡಲೂ ಹತ್ತಿರ ಹೋಗಬೇಡಿ.