ಬೀಗ ಹಾಕಿದ್ದು ನೆನಪಿದೆಯೇ?

ಮನೆಗೆ ಬೀಗ ಹಾಕಿದ್ದನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ನೆನೆಯಬಹುದು. 'ಐ ರಿಮೆಂಬರ್ ಲಾಕಿಂಗ್ ದ ಡೋರ್' ಎನ್ನಬಹುದು, 'ಐ ರಿಮೆಂಬರ್ ದಟ್ ಐ ಲಾಕ್ಡ್ ದ ಡೋರ್' ಎನ್ನಬಹುದು, 'ಐ ರಿಮೆಂಬರ್ಡ್ ಟು ಲಾಕ್ ದ ಡೋರ್' ಎಂದೂ ಹೇಳಬಹುದು. ಮೂರರಲ್ಲೂ ಬೀಗ ಹಾಕಿದವರು 'ನಾನು', ಕೆಲಸವೂ ಆಗಿಹೋಗಿದೆ. ಆದರೂ ಮೂರು ಮಾತೂ ಒಂದೇ ಅಲ್ಲ. ಬೇರೆಯಾಗಿರುವುದು 'ರಿಮೆಂಬರ್' ಕ್ರಿಯಾಪದಕ್ಕೆ ಅಂಟಿಕೊಂಡ ಅಧೀನ ವಾಕ್ಯದ, ಅಂದರೆ ತಾನೊಂದೇ ನಿಲ್ಲದೆ ಮುಖ್ಯ ವಾಕ್ಯವನ್ನು ಆತುಕೊಂಡಿರುವ ಭಾಗದ, ರೂಪ. ನಾನು ಮಾಡಿದ ಕೆಲಸವನ್ನು ನಾನೇ ಎಲ್ಲಿ ನಿಂತು ನೋಡುತ್ತಿದ್ದೇನೆ ಎಂಬುದನ್ನು ಆ ರೂಪವೇ ಹೇಳಿಬಿಡುತ್ತದೆ.

ಮೊದಲನೆಯದರಲ್ಲಿ ಬೀಗದ ಕೈ ತಿರುಗಿಸಿದ ಅನುಭವವೇ ಮರಳಿ ಬರುತ್ತದೆ. ಎರಡನೆಯದಕ್ಕೆ ಅಂಥ ಅನುಭವ ಬೇಕೆಂದೇನಿಲ್ಲ, ಬೀಗ ಹಾಕಿದ್ದೆ ಎಂಬ ಸಂಗತಿ ನೆನಪಿನಲ್ಲಿದ್ದರೆ ಸಾಕು. ಮೂರನೆಯದಂತೂ ಇವತ್ತಿನ ನೆನಪಿನ ಮಾತೇ ಅಲ್ಲ. ಆ ಹೊತ್ತಿನಲ್ಲಿ ಮರೆಯದೆ ಬೀಗ ಹಾಕಿದೆ ಎಂದಷ್ಟೇ ಅದರ ಅರ್ಥ.

'ಲಾಕಿಂಗ್ ದ ಡೋರ್' ಎಂಬಲ್ಲಿ 'ಐ' ಇಲ್ಲ ಎಂಬುದನ್ನು ಗಮನಿಸಿ. ಕರ್ತೃಪದ ಕಾಣೆಯಾಗಿದೆ. ಕೇಳುವವರು ಅದನ್ನು ತುಂಬಿಕೊಳ್ಳುತ್ತಾರೆ. ಆದರೆ ಹೀಗೆ ತುಂಬಿಕೊಂಡ 'ನಾನು' ಬಾಯಿಬಿಟ್ಟು ಹೇಳಿದ 'ನಾನು'ವಿನಂತಲ್ಲ ಎಂದು ಭಾಷಾವಿಜ್ಞಾನಿ ಜೇಮ್ಸ್ ಹಿಗಿನ್‌ಬಾಥಮ್ ವಾದಿಸಿದರು. ಅದು ಕೆಲಸವನ್ನು ಒಳಗಿನಿಂದ ಕಂಡವರ 'ನಾನು'. ಇದನ್ನು ಪರೀಕ್ಷಿಸುವುದು ಸುಲಭ. ಹುಟ್ಟಿದ ಊರಿನ ಬಗ್ಗೆ ಯಾರಾದರೂ 'ಐ ರಿಮೆಂಬರ್ ದಟ್ ಐ ವಾಸ್ ಬಾರ್ನ್ ಇನ್ ಹಾಸನ' ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. 'ಐ ರಿಮೆಂಬರ್ ಬೀಯಿಂಗ್ ಬಾರ್ನ್ ಇನ್ ಹಾಸನ' ಎಂದರೆ ಮಾತ್ರ ಅದು ಅಸಂಭವದ ಮಾತು. ಬಹುಪಾಲು ಜನರ ಮೊದಲ ನೆನಪು ಸುಮಾರು ಮೂರು ವರ್ಷದ ಆಸುಪಾಸಿನದು. ಅದಕ್ಕೂ ಹಿಂದಿನ ಬದುಕಿನ ಬಗ್ಗೆ ನಮಗೆ ಸಂಗತಿಗಳು ಗೊತ್ತಿರುತ್ತವೆ, ಅನುಭವದ ನೆನಪು ಇರುವುದಿಲ್ಲ. 1972ರಲ್ಲಿ ಮನೋವಿಜ್ಞಾನಿ ಎಂಡೆಲ್ ಟುಲ್ವಿಂಗ್ ಘಟನೆಗಳ ನೆನಪು ಬೇರೆ, ತಿಳಿವಳಿಕೆಯ ನೆನಪು ಬೇರೆ ಎಂದು ವಿಂಗಡಿಸಿದರು. ಹೆಚ್ಚುಕಡಿಮೆ ಅದೇ ಗೆರೆಯನ್ನು ಇಂಗ್ಲಿಷ್ ಮಾತಾಡುವವರು ದಿನಬೆಳಗಾದರೆ 'ಇಂಗ್' ಮತ್ತು 'ದಟ್' ನಡುವೆ ಎಳೆಯುತ್ತಿರುತ್ತಾರೆ. ಪ್ರಯೋಗಾಲಯ ಬೇರ್ಪಡಿಸಿದ್ದನ್ನು ವ್ಯಾಕರಣ ಮೊದಲೇ ಬೇರ್ಪಡಿಸಿಟ್ಟಿತ್ತು ಎಂಬುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ರೋಮಾಂಚಕವಾಗಿ ಕಾಣುತ್ತದೆ.

'ಟು' ರೂಪದ್ದು ಇನ್ನೊಂದು ದಾರಿ. ಫಿನ್ಲೆಂಡ್ ಮೂಲದ ಭಾಷಾವಿಜ್ಞಾನಿ ಲೌರಿ ಕಾರ್ಟುನೆನ್ 1971ರಲ್ಲಿ, ಕೆಲಸ ಆಯಿತೋ ಇಲ್ಲವೋ ಎಂಬುದನ್ನು ತಾವೇ ಹೇಳಿಬಿಡುವ ಇಂಥ ಕ್ರಿಯಾಪದಗಳ ಗುಂಪೊಂದನ್ನು ಗುರುತಿಸಿದರು. 'ಐ ಮ್ಯಾನೇಜ್ಡ್ ಟು ಲಾಕ್' ಎಂದರೆ ಬೀಗ ಬಿದ್ದಿದೆ, 'ಐ ಫರ್ಗಾಟ್ ಟು ಲಾಕ್' ಎಂದರೆ ಬಿದ್ದಿಲ್ಲ. 'ಐ ಫರ್ಗಾಟ್ ದಟ್ ಐ ಲಾಕ್ಡ್' ಎಂದರೆ ಬೀಗ ಬಿದ್ದಿದೆ, ಮರೆತದ್ದು ಅದರ ನೆನಪನ್ನು. ಮರೆವು ಒಂದೇ, ಅಧೀನ ವಾಕ್ಯ ಬದಲಾದರೆ ಮನೆಯ ಬಾಗಿಲಿನ ಸ್ಥಿತಿಯೇ ಬದಲಾಗುತ್ತದೆ.

ನೆನಪಿನ ಕ್ರಿಯಾಪದಗಳನ್ನು ಬಿಟ್ಟು ಕಥೆ ಹೇಳುವ ಕಡೆಗೆ ಬಂದರೆ, ಅಲ್ಲಿ ಅಧೀನ ವಾಕ್ಯಗಳಿಗೆ ಬೇರೆಯೇ ಕೆಲಸ. ನ್ಯೂಯಾರ್ಕಿನಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಜನರನ್ನು ಮಾತಿಗೆಳೆಯಲು, ಸತ್ತೇಹೋಗುವಂಥ ಅಪಾಯಕ್ಕೆ ಎಂದಾದರೂ ಸಿಕ್ಕಿದ್ದಿರಾ ಎಂದು ಕೇಳುತ್ತಿದ್ದರು. ಆಗ ಜನ ಮೈಮರೆತು ತಮ್ಮ ಅನುಭವ ಹೇಳುತ್ತಿದ್ದರು. ಅಂಥ ಕಥನಗಳ ಬಗ್ಗೆ ಲಬೋವ್ ಮತ್ತು ಜಾಶುವಾ ವಾಲೆಟ್‌ಸ್ಕಿ 1967ರಲ್ಲಿ ಬರೆದ ಪ್ರಬಂಧದ ಪ್ರಕಾರ ಕಥೆಯನ್ನು ಮುಂದೆ ನಡೆಸುವುದು ಸ್ವತಂತ್ರ ವಾಕ್ಯಗಳು ಮಾತ್ರ. 'ಬಿದ್ದೆ, ಕೂಗಿದೆ' ಎಂಬುದನ್ನು 'ಕೂಗಿದೆ, ಬಿದ್ದೆ' ಎಂದು ತಿರುಗಿಸಿದರೆ ನಡೆದದ್ದೇ ಬೇರೆಯಾಗುತ್ತದೆ. 'ವೈಲ್ ಐ ವಾಸ್ ಕ್ರಾಸಿಂಗ್' ಎಂಬಂಥ ಅಧೀನ ವಾಕ್ಯವನ್ನು ಹಿಂದೆ ಇಡಿ, ಮುಂದೆ ಇಡಿ, ಘಟನೆಗಳ ಕ್ರಮಕ್ಕೆ ಧಕ್ಕೆಯಿಲ್ಲ. ನಾಟಕದ ಹಿಂಪರದೆಯಂತೆ ಅದು ಸುಮ್ಮನೆ ನಿಂತಿರುತ್ತದೆ. ಇದಕ್ಕೊಂದು ತಿರುಗುಮುರುಗೂ ಇದೆ. 'ಐ ವಾಸ್ ಕ್ರಾಸಿಂಗ್ ದ ರೋಡ್ ವೆನ್ ಎ ಬಸ್ ಹಿಟ್ ಮಿ' ಎನ್ನುವಾಗ ಮುಖ್ಯ ಘಟನೆಯೇ 'ವೆನ್' ಹಿಂದೆ ಅಡಗಿ ಕುಳಿತಿರುತ್ತದೆ. ನಾವಾದರೆ 'ರಸ್ತೆ ದಾಟ್ತಿದ್ದೆ, ಅಷ್ಟರಲ್ಲಿ ಬಸ್ಸು ಬಂದು ಗುದ್ದಿತು' ಎನ್ನುತ್ತೇವೆ.

ಹಿನ್ನೆಲೆಯಲ್ಲಿರುವುದನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದು ಚಿಕ್ಕ ವಿಷಯವಲ್ಲ. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 150 ವಿದ್ಯಾರ್ಥಿಗಳು ಕಾರು ಅಪಘಾತದ ಪುಟ್ಟ ಚಿತ್ರ ನೋಡಿದರು. ಹಳ್ಳಿ ರಸ್ತೆಯಲ್ಲಿ ಹೋಗುವಾಗ ಬಿಳಿ ಕಾರಿನ ವೇಗ ಎಷ್ಟಿತ್ತು ಎಂದು ಅರ್ಧದಷ್ಟು ಜನರನ್ನು ಕೇಳಲಾಯಿತು. ಉಳಿದವರ ಪ್ರಶ್ನೆಯಲ್ಲಿ 'ವೆನ್ ಇಟ್ ಪಾಸ್ಡ್ ದ ಬಾರ್ನ್', ಅಂದರೆ ಆ ಕಣಜ ದಾಟುವಾಗ, ಎಂಬ ಅಧೀನ ವಾಕ್ಯವೂ ಸೇರಿತ್ತು. ಚಿತ್ರದಲ್ಲಿ ಕಣಜವೇ ಇರಲಿಲ್ಲ. ವಾರದ ನಂತರ ಕಣಜ ನೋಡಿದಿರಾ ಎಂದು ಕೇಳಿದಾಗ ಎರಡನೆಯ ಗುಂಪಿನ ಶೇ 17.3ರಷ್ಟು ಜನ ಹೌದೆಂದರು, ಮೊದಲ ಗುಂಪಿನಲ್ಲಿ ಹಾಗೆಂದವರು ಶೇ 2.7 ಮಾತ್ರ. ಎಲ್ಲರ ಗಮನವೂ ವೇಗದ ಮೇಲಿತ್ತು. ಅಧೀನ ವಾಕ್ಯದೊಳಗೆ ಕೂತು ಬಂದ ಕಣಜ ಯಾರ ತಡೆಯೂ ಇಲ್ಲದೆ ಕೆಲವರ ಪಾಲಿಗೆ 'ನಾನು ಕಂಡದ್ದು' ಆಯಿತು. ಸಾಕ್ಷಿಗಳನ್ನು ಪ್ರಶ್ನಿಸುವ ವಕೀಲರು, ಪೊಲೀಸರು, ಪತ್ರಕರ್ತರು ಎಲ್ಲರೂ ತಿಳಿದಿರಬೇಕಾದ ಸಂಗತಿಯಿದು.

ಇನ್ನು ನಮ್ಮ ಭಾಷೆ. 'ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬೀಗ ಹಾಕಿ ಹೊರಟೆ.' ಇಲ್ಲಿ ಪೂರ್ಣ ಕ್ರಿಯಾಪದ ಕೊನೆಯದೊಂದೇ, ಉಳಿದವೆಲ್ಲ ಕೃದಂತಾವ್ಯಯಗಳು, ಅಧೀನವಾದವು. ಆದರೆ 'ಕಾಫಿ ಕುಡಿದು, ಮುಖ ತೊಳೆದು' ಎಂದು ಅದಲುಬದಲು ಮಾಡಿ ನೋಡಿ, ಬೆಳಗಿನ ಕ್ರಮವೇ ಬದಲಾಗುತ್ತದೆ. ಅಂದರೆ ನಮ್ಮಲ್ಲಿ ಅಧೀನ ರೂಪಗಳೂ ಕಥೆಯನ್ನು ಮುಂದೆ ನಡೆಸುತ್ತವೆ. ಹಿನ್ನೆಲೆಯ ಕೆಲಸಕ್ಕೆ 'ದಾಟುವಾಗ', 'ಹೋಗುತ್ತಾ' ಮುಂತಾದ ಬೇರೆ ರೂಪಗಳಿವೆ. ಹಾಗಾಗಿ ಲಬೋವ್ ಕಂಡ ನಿಯಮ ಎಲ್ಲ ಭಾಷೆಗಳಿಗೂ ಹೊಂದುವ ಕಥನದ ನಿಯಮವಲ್ಲ, ಇಂಗ್ಲಿಷಿನ ಅಭ್ಯಾಸ ಎಂದೇ ನಾನು ಓದುತ್ತೇನೆ. 'ಎದ್ದು' ಎಂಬ ಮಾದರಿ ಹಿಂದಿಯ 'ಉಠ್‌ಕರ್'ನಲ್ಲೂ ಇದೆ. ಭಾಷಾವಿಜ್ಞಾನಿ ಮರ್ರೆ ಎಮೆನೊ 1956ರಲ್ಲಿ ಭಾರತವೇ ಒಂದು ಭಾಷಾವಲಯ, ಅಂದರೆ ಬೇರೆ ಬೇರೆ ಕುಟುಂಬದ ಭಾಷೆಗಳು ಒಡನಾಟದಿಂದ ಒಂದೇ ಬಗೆಯ ಲಕ್ಷಣ ಪಡೆದ ಪ್ರದೇಶ, ಎಂದು ಬರೆದಾಗ ಈ ಹೋಲಿಕೆಯನ್ನೂ ಎತ್ತಿ ತೋರಿಸಿದ್ದರು.

ಮರೆವಿನ ವಿಷಯದಲ್ಲಿ ಕನ್ನಡದ ವ್ಯವಸ್ಥೆ ಇಂಗ್ಲಿಷಿಗಿಂತ ಅಚ್ಚುಕಟ್ಟು. 'ಬೀಗ ಹಾಕೋದು ಮರೆತೆ' ಎಂದರೆ ಹಾಕಿಲ್ಲ, 'ಬೀಗ ಹಾಕಿದ್ದು ಮರೆತೆ' ಎಂದರೆ ಹಾಕಿದ್ದೆ. ಕೃದಂತದ ಕಾಲವೊಂದೇ ಎಲ್ಲವನ್ನೂ ಹೇಳಿತು. ನೆನಪಿನಲ್ಲಿ ಹೀಗಿಲ್ಲ. 'ಬೀಗ ಹಾಕಿದ್ದು ನೆನಪಿದೆ' ಎಂಬುದಕ್ಕೆ ಅನುಭವದ ನೆನಪೂ ಒಗ್ಗುತ್ತದೆ, ಬರೀ ಸಂಗತಿಯ ನೆನಪೂ ಒಗ್ಗುತ್ತದೆ. 'ಹಾಕಿದೀನಿ ಅಂತ ನೆನಪು' ಎಂದರೆ ಅಲ್ಲಿ ಸಣ್ಣ ಅನುಮಾನದ ಎಳೆ.

ಒಳಗಿನಿಂದ ನೆನಪೇ ಇಲ್ಲದ ನನ್ನ ಕೆಲಸವನ್ನು ಹೇಳುವುದಕ್ಕೆ ಮಾತ್ರ ಇಂಗ್ಲಿಷಿಗೆ ಸಾಮಾನ್ಯವಾಗಿ 'ಐ ಆಮ್ ಟೋಲ್ಡ್ ದಟ್ ಐ' ಎಂಬಂಥ ಇಡೀ ಮುಖ್ಯವಾಕ್ಯ ಬೇಕು. ನಾನು ಮಾಡಿದ್ದೆಲ್ಲ ಆಗ 'ದಟ್' ಹಿಂದಿನ ಅಧೀನ ವಾಕ್ಯಕ್ಕೆ ಸರಿಯುತ್ತದೆ. ಕನ್ನಡಕ್ಕೆ ಕ್ರಿಯಾಪದದ ತುದಿಗೊಂದು 'ಅಂತೆ' ಸಾಕು: 'ಚಿಕ್ಕವನಿದ್ದಾಗ ರಾತ್ರಿಯೆಲ್ಲ ಅಳ್ತಿದ್ದೆನಂತೆ.' ಉತ್ತಮ ಪುರುಷದ ಜೊತೆಗೆ ಈ 'ಅಂತೆ' ಎಲ್ಲೆಂದರಲ್ಲಿ ಬರುವುದಿಲ್ಲ. ಎಚ್ಚರವಿದ್ದು ನಿನ್ನೆ ತಾನೇ ಮಾಡಿದ ಕೆಲಸಕ್ಕೆ ಅದನ್ನು ಯಾರೂ ಹಚ್ಚುವುದಿಲ್ಲ. ಹಚ್ಚಬೇಕಾದರೆ ಮಾಡಿದವರಿಗೆ ಅದರ ಅರಿವಿರಬಾರದು: ಎಳೆಗೂಸಾಗಿದ್ದಾಗ ಮಾಡಿದ್ದು, ನಿದ್ದೆಯಲ್ಲಿ ಕನವರಿಸಿದ್ದು, ಜ್ವರದ ತಾಪದಲ್ಲಿ ಬಡಬಡಿಸಿದ್ದು.